ಹಾಡಿದವರ ಹೆಸರು

ಕೈಯಲ್ಲಿ ಮೌಸ್ ಇತ್ತು. ಆದರೆ ಅಕ್ಷತಳ ಬೆರಳು ಅಲುಗಲಿಲ್ಲ!

ಅಂಗಡಿಯ ಸ್ಪೀಕರಿನಿಂದ ಹಾಡು ಬರುತ್ತಲೇ ಇತ್ತು...

"ಹೊಂಗೆಯ ಚಿಗುರೇ, ಬಿಸಿಲ ತಡೆಯೇ,
ನಮ್ಮ ಅನಸೂಯ ಹಸೆಗೆ ಬರುತಾಳೆ..."

ಅಮ್ಮ! ಇದು ಅಮ್ಮನ ದನಿ!

ದೇವನಹಳ್ಳಿ ಬಸ್ ನಿಲ್ದಾಣದ ಎದುರಿಗಿದ್ದ ಬೈಲಪ್ಪನ ಮೊಬೈಲ್ ಅಂಗಡಿಯಲ್ಲಿ ಹಾಡು ಹುಡುಕಿ ಕೊಡುವುದೇ ಅಕ್ಷತಳ ಕೆಲಸ. ಏರ್‌ಪೋರ್ಟ್ ಬಂದಮೇಲೆ ಊರಿಗೆಲ್ಲ ಮೊಬೈಲ್ ಬಂದಿತ್ತು, ಮೊಬೈಲಿಗೆಲ್ಲ ಹಾಡು ಬೇಕಿತ್ತು. ಒಂದು ವೆಬ್‌ಸೈಟ್ ಇತ್ತು. ಅದರಲ್ಲಿ ನೆನಪಿದ್ದ ಎರಡು ಪದ ಟೈಪ್ ಮಾಡಿದರೆ ಸಾಕು, ಇಂಟರ್‌ನೆಟ್ಟಿನ ಯಾವ ಮೂಲೆಯಲ್ಲಿದ್ದರೂ ಹಾಡನ್ನು ಎಳೆದು ತಂದು ಮುಂದಿಡುತ್ತಿತ್ತು. ಒತ್ತಿದರೆ ನಿಂತ ನಿಲುವಿನಲ್ಲೇ ಹಾಡುತ್ತಿತ್ತು. ಅರ್ಧ ಸಾಲು ಹೇಳಿದರೆ ಸಾಕು, ಈ ಹುಡುಗಿ ಹಾಡು ಹಿಡಿದು ಕೊಡುತ್ತಾಳೆ ಅಂತ ಸುತ್ತಲ ಹಳ್ಳಿಗಳಲ್ಲಿ ಹೆಸರಾಗಿತ್ತು.

ಅವತ್ತು ಒಬ್ಬ ಮುದುಕಮ್ಮ ಬಂದು ಕೇಳಿದ್ದಳು. "ಮೊಮ್ಮಗಳ ಮದ್ವೆ ಐತೆ ಕಣವ್ವ. ಹಸೆಗೆ ಹಾಡೋರೇ ಇಲ್ಲ ಈಗ. ಮೊಬೈಲಾಗೆ ಯಾವ್ದಾರ ಒಂದು ಹಸೆ ಹಾಡು ಹಾಕ್ಕೊಡು."

ಅಕ್ಷತ 'ಬೂದಿಗೆರೆ ಹಸೆ ಹಾಡು' ಅಂತ ಟೈಪ್ ಮಾಡಿದ್ದಳು, ಅಷ್ಟೆ. ತನ್ನ ಊರಿನ ಹೆಸರು ಸುಮ್ಮನೆ ಬೆರಳಿಗೆ ಬಂದಿತ್ತು. ಪರದೆಯ ಮೇಲೆ ಒಂದೇ ಒಂದು ಹಾಡು ಬಂತು. ಅದರ ಪಕ್ಕದಲ್ಲಿ ಬರೆದಿತ್ತು: 'ಹಾಡಿದವರು ಆದಿಲಕ್ಷ್ಮಮ್ಮ, ಬೂದಿಗೆರೆ.'

ಅಕ್ಷತ ಆ ಹೆಸರನ್ನು ಎರಡೆರಡು ಸಲ ಓದಿದಳು. ಹೇಗೋ ಹಾಡು ನಿಲ್ಲಿಸಿದಳು.

"ಅಯ್ಯೋ, ಯಾಕವ್ವ ನಿಲ್ಲಿಸ್ದೆ? ಎಷ್ಟು ಚೆನ್ನಾಗೈತೆ!" ಅಂದಳು ಮುದುಕಮ್ಮ.

ಆಗ ಕೌಂಟರಿಗೆ ಒರಗಿ ನಿಂತಿದ್ದ ಹುಡುಗನೊಬ್ಬ ಹಲ್ಲು ಕಿರಿದ. "ಚೆನ್ನಾಗೈತಾ ಅಜ್ಜಿ? ಅದನ್ನ ರೆಕಾರ್ಡ್ ಮಾಡಿ ಹಾಕಿದ್ದು ನಾನೇ!"

ಅಕ್ಷತ ತಲೆ ಎತ್ತಿ ನೋಡಿದಳು. ಕಪ್ಪನೆಯ ಮುಖ, ಹೆಗಲ ಮೇಲೆ ಸುತ್ತಿಟ್ಟ ವೈರು, ಕಣ್ಣಲ್ಲಿ ಬಹುಮಾನ ಗೆದ್ದವನ ಹೆಮ್ಮೆ. ಆ ಹೆಮ್ಮೆ ಕಂಡು ಅವಳಿಗೆ ಮೈಯೆಲ್ಲ ಉರಿದುಹೋಯಿತು!

"ಯಾರ‍್ರೀ ನೀವು? ಯಾರನ್ನ ಕೇಳಿ ಹಾಕಿದ್ರಿ?"

"ಬೀರೇಶ್ ಅಂತ. ತ್ಯಾಮಗೊಂಡ್ಲು. ಮೈಕ್ ಸೆಟ್ ಇಟ್ಕೊಂಡಿದ್ದೀನಿ..." ಅವನ ನಗು ಮಾಸಿತು. "ಯಾಕ್ರೀ, ಏನಾಯ್ತು?"

"ಅದನ್ನ ಈಗ್ಲೇ ತೆಗೀರಿ! ಈಗ್ಲೇ!"

ಮುದುಕಮ್ಮ ಗಾಬರಿಯಾಗಿ ಎದ್ದು ಹೋದಳು. ಹೋಗದೆ ಏನು ಮಾಡಿಯಾಳು? ಹಾಡು ಕೇಳಲು ಬಂದರೆ ಜಗಳ ಸಿಕ್ಕಿತ್ತು.

ಅಕ್ಷತ ಯಾಕೆ ಹಾಗೆ ರೇಗಿದಳು ಅಂತ ಬೀರೇಶನಿಗೆ ಗೊತ್ತಿರಲಿಲ್ಲ. ನಿಮಗೆ ಹೇಳಿಬಿಡುತ್ತೇನೆ.

ಅನಸೂಯ ಅಕ್ಷತಳ ಸೋದರಮಾವ ಹನುಮಂತರಾಯಪ್ಪನ ಮಗಳು. ಹಿಂದಿನ ವರ್ಷ ಅವಳ ಮದುವೆ ಆಗಿತ್ತು. ಮದುಮಗಳನ್ನು ಹಸೆಮಣೆಗೆ ಕರೆತರುವಾಗ ಅವಳ ಹೆಸರು ಸೇರಿಸಿ ಹಾಡುವುದು ಈ ಕಡೆಯ ವಾಡಿಕೆ. ಹಾಡಬೇಕಾದವರು ಮುತ್ತೈದೆಯರು. ಆದರೆ ಹಾಡಲು ಕೂತಿದ್ದ ಊರಿನ ಲಕ್ಷ್ಮೀದೇವಮ್ಮನಿಗೂ ಜೊತೆಯವರಿಗೂ ಹಾಡು ಅರ್ಧಕ್ಕೇ ಮರೆತುಹೋಯಿತು. ಆಗ ಉಗ್ರಾಣದ ಒಳಗಿಂದ ಒಂದು ದನಿ ಬಂತು. ಹಾಡು ಪೂರ್ತಿ ಆಯಿತು. ಹೊರಗೆ ಕೂತವರು ಬರೀ ತುಟಿ ಆಡಿಸಿದರು, ಚಪ್ಪರವೆಲ್ಲ ಲಕ್ಷ್ಮೀದೇವಮ್ಮನನ್ನು ಹೊಗಳಿತು.

ಒಳಗೆ ಹಾಡಿದ್ದು ಆದಿಲಕ್ಷ್ಮಮ್ಮ. ಗಂಡ ಸತ್ತವಳು. ಹಸೆಯ ಹತ್ತಿರ ಸುಳಿಯಬಾರದವಳು.

ಅದೂ ಹೋಗಲಿ ಅನ್ನಬಹುದಿತ್ತು. ಆದರೆ ಮದುವೆಯಾದ ವರ್ಷದೊಳಗೆ, ಏರ್‌ಪೋರ್ಟ್ ಟ್ಯಾಕ್ಸಿ ಓಡಿಸುತ್ತಿದ್ದ ಅನಸೂಯಳ ಗಂಡ ಅಂಜನ್ ಹೈವೇಯಲ್ಲಿ ಲಾರಿಗೆ ಸಿಕ್ಕಿ ಸತ್ತ. ಅಂದಿನಿಂದ ಮಾವನ ಮನೆಯಲ್ಲಿ ಎಲ್ಲರೂ ಹುಡುಕುತ್ತಿದ್ದರು, ಯಾರ ಕಾಲ್ಗುಣ, ಯಾರ ಕಣ್ಣು, ಯಾರ ಬಾಯಿ ಅಂತ. ಈ ಹಾಡು, ಅದರ ಪಕ್ಕದ ಆ ಹೆಸರು ಅವರ ಕೈಗೆ ಸಿಕ್ಕರೆ ಅಮ್ಮನನ್ನು ಜೀವಂತ ಸುಡುತ್ತಾರೆ!

ಅಕ್ಷತ ಅಷ್ಟನ್ನೂ ಹೇಳಲಿಲ್ಲ. "ನಮ್ಮಮ್ಮ ಹಸೆಗೆ ಹಾಡ್ಬಾರ್ದಿತ್ತು ಕಣ್ರೀ. ಅಪ್ಪ ಇಲ್ಲ ನಮಗೆ," ಅಂದಳು, ದನಿ ಇಳಿಸಿ.

ಬೀರೇಶ್ ಹೆಗಲ ವೈರನ್ನು ಇಳಿಸಿ ಕೌಂಟರಿನ ಮೇಲಿಟ್ಟ.

"ನಂಗೆ ಗೊತ್ತಿರ್ಲಿಲ್ಲ ಕಣ್ರೀ... ಆ ಮದ್ವೆಗೆ ಮೈಕ್ ಹಾಕಿದ್ದು ನಾನೇ. ಆ ದನಿ ಕೇಳಿ ತಡೆಯೋಕಾಗ್ದೆ ಉಗ್ರಾಣದ ಕಿಟಕಿಗೆ ಒಂದು ಮೈಕ್ ಇಟ್ಬಿಟ್ಟೆ. ಯಾರು ಹಾಡ್ತಿರೋದು ಅಂತ ಅಡುಗೆಯೋರನ್ನ ಕೇಳಿ ಹೆಸರು ತಿಳ್ಕೊಂಡೆ. ಹಾಡಿದೋರ ಹೆಸರು ಹಾಕ್ದೇ ಹೋದ್ರೆ ಕದ್ದಂಗೆ ಆಗುತ್ತಲ್ವಾ?"

ಮರ್ಯಾದೆಗೆ ಅಂತ ಹಾಕಿದ ಹೆಸರು! ಅದೇ ಕುತ್ತಿಗೆಗೆ ಬರುತ್ತೆ ಅಂತ ಅವನಿಗೆ ಹೇಗೆ ಗೊತ್ತಾಗಬೇಕು?

ಅವನು ಅಲ್ಲೇ, ಅವಳ ಕಣ್ಣೆದುರೇ, ತನ್ನ ಪುಟ ತೆರೆದು ಹಾಡು ಅಳಿಸಿದ. ಮುಗಿಯಿತು ಅಂದುಕೊಂಡಳು. ಮಾರನೇ ದಿನ ಅಮ್ಮನ ಹೆಸರು ಹುಡುಕಿದರೆ ಹಾಡು ಇನ್ನೊಂದು ಕಡೆ ಹಾಡುತ್ತಿತ್ತು! ಯಾರೋ ಇಳಿಸಿಕೊಂಡು ತಮ್ಮ ಪುಟಕ್ಕೆ ಹಾಕಿದ್ದರು. ಅಲ್ಲಿಂದ ಇನ್ಯಾರೋ...

ಆವತ್ತಿನಿಂದ ಬೀರೇಶ್ ದಿನಾ ಅಂಗಡಿಗೆ ಬರತೊಡಗಿದ. ಅವಳು ಹುಡುಕುವಳು, ಅವನು ಆ ಪುಟದವರಿಗೆ ಬರೆದು ಬೇಡಿಕೊಳ್ಳುವನು. ಕೆಲವರು ತಕ್ಷಣ ತೆಗೆದರು. ಕೆಲವರು 'ಇಷ್ಟು ಒಳ್ಳೆ ಹಾಡು ಯಾಕೆ ತೆಗೀಬೇಕು?' ಅಂತ ವಾದಕ್ಕೆ ನಿಂತರು.

"ಇಬ್ರೂ ಸೇರಿ ಹಾಡು ಹುಡುಕೋದು ನೋಡಿದ್ದೆ. ಹಾಡು ಅಳ್ಸೋಕೆ ಇಷ್ಟು ಒದ್ದಾಡೋದು ಇಲ್ಲೇ ನೋಡ್ತಿರೋದು," ಅಂತ ಬೈಲಪ್ಪ ನಕ್ಕ. ಪಾಪ, ಅವನಿಗೇನು ಗೊತ್ತು!

ಒಂದು ಮಧ್ಯಾಹ್ನ ಕಡಲೆಕಾಯಿ ಬಿಡಿಸುತ್ತಾ ಬೀರೇಶ್ ಹೇಳಿದ. "ನಮ್ಮಜ್ಜಿನೂ ಹಾಡ್ತಿದ್ರು. ಯಾರೂ ಉಳಿಸ್ಕೊಳ್ಲಿಲ್ಲ. ಅವ್ರ ಜೊತೇಲೇ ಮಣ್ಣಾಯ್ತು. ಅದಕ್ಕೇ ನಾನು ಎಲ್ಲಿ ಒಳ್ಳೆ ದನಿ ಕೇಳಿದ್ರೂ ಮೈಕ್ ಹಿಡಿಯೋದು."

"ಈಗ ನೀವೇ ಅಳಿಸ್ತಿದ್ದೀರ."

"ಹೂಂ," ಅಂದ. ಬಿಡಿಸಿದ ಕಾಳುಗಳನ್ನೆಲ್ಲ ಅವಳ ಕಡೆ ತಳ್ಳಿದ, ತಾನು ತಿನ್ನಲಿಲ್ಲ.

ಅಳಿಸುವ ಮುಂಚೆ ಪ್ರತಿ ಸಲವೂ ಅಕ್ಷತ ಹಾಡನ್ನು ಒಮ್ಮೆ ಕೇಳುತ್ತಿದ್ದಳು. ಒಂದು ಪ್ರತಿ ಹೋಯಿತು ಅಂದಾಗ ಸಮಾಧಾನವೂ ಆಗುತ್ತಿತ್ತು, ಸಂಕಟವೂ ಆಗುತ್ತಿತ್ತು. ಕೊನೆಗೆ ಒಂದು ದಿನ ಅಮ್ಮನ ಹೆಸರು ಟೈಪ್ ಮಾಡಿದರೆ ಪರದೆ ಖಾಲಿ! ಊರಿನ ಹೆಸರು ಹಾಕಿದರೂ ಖಾಲಿ!

"ಇನ್ನು ನನ್ನ ಲ್ಯಾಪ್‌ಟಾಪಲ್ಲಿ ಇರೋದೊಂದೇ," ಅಂದ ಬೀರೇಶ್. "ಇದನ್ನ ಇಟ್ಕೊಳ್ಲಾ? ಯಾರಿಗೂ ಕೊಡಲ್ಲ, ಆಣೆಗೂ."

ಅಕ್ಷತ ತಲೆ ಅಲ್ಲಾಡಿಸಿದಳು. "ಬೇಡ. ಭಯ ಆಗುತ್ತೆ."

ಅವನು ಅದನ್ನೂ ಅಳಿಸಿದ. ಲ್ಯಾಪ್‌ಟಾಪ್ ಮುಚ್ಚಿ, ಅದರ ಮೇಲೆ ಕೈ ಇಟ್ಟ.

"ಕೆಲ್ಸ ಮುಗೀತು. ನಾಳೆಯಿಂದ ಬರೋಕೆ ನೆಪ ಇಲ್ಲ," ಅಂದ.

ಅಕ್ಷತ ಕೀಬೋರ್ಡಿನ ಧೂಳು ಒರೆಸಿದಳು. ಇಲ್ಲದ ಧೂಳು! "ನೆಪ ಇಲ್ದೇ ಬನ್ನಿ," ಅಂದಳು, ಮುಖ ಎತ್ತದೆ.

ಆ ಸಂತೋಷ ಎಷ್ಟು ದಿನದ್ದು?

ಒಂದು ಬೆಳಿಗ್ಗೆ ಬಸ್ಸಿನಲ್ಲಿ ಕೆಲಸಕ್ಕೆ ಹೊರಟಿದ್ದಾಗ, ಮಾವನ ಮನೆ ಮುಂದೆ ಬೀರೇಶ್ ಮೈಕ್ ಸೆಟ್ ಸಾಗಿಸುವ ಟಾಟಾ ಏಸ್ ಗಾಡಿ ನಿಂತಿರುವುದು ಕಂಡಿತು. ಅಕ್ಷತಳ ಕೆನ್ನೆ ಬಿಸಿಯಾಯಿತು. ಮಾವನ ಹತ್ತಿರ ಹೆಣ್ಣು ಕೇಳಲು ಬಂದನಾ? ಅಯ್ಯೋ, ನನಗೊಂದು ಮಾತು ಹೇಳಬಾರದಿತ್ತಾ! ದಿನವಿಡೀ ತನ್ನಷ್ಟಕ್ಕೆ ನಗುತ್ತಾ ಕೆಲಸ ಮಾಡಿದಳು.

ಸಂಜೆ ಮನೆಗೆ ಬಂದರೆ ಬಾಗಿಲಲ್ಲಿ ಜನ ಸೇರಿತ್ತು. ಅಂಗಳದ ನಡುವೆ ಮಾವ ನಿಂತಿದ್ದ. ಅಮ್ಮ ತಲೆ ತಗ್ಗಿಸಿ ಗೋಡೆಗೆ ಆತು ನಿಂತಿದ್ದಳು.

"ಗಂಡ ಸತ್ತೋಳು ಹಸೆಗೆ ಹಾಡ್ತೀಯೇನೇ? ನನ್ನ ಮಗಳ ತಾಳಿ ತಿಂದ್ಯಲ್ಲೇ! ನನ್ನ ತಂಗಿ ಅಂತ ಮನೆಯೊಳಗೆ ಬಿಟ್ಕೊಂಡಿದ್ದಕ್ಕೆ ನಿನ್ನ ಬಾಯಿಗೆ ನನ್ನ ಅಳಿಯನೇ ಬೇಕಿತ್ತೇನೇ?"

"ಮಾವ! ಏನ್ ಮಾತಾಡ್ತಿದ್ದೀರಾ ನೀವು?" ಅಂತ ಅಕ್ಷತ ನುಗ್ಗಿದಳು.

ಅಮ್ಮ ಅವಳ ಕೈ ಹಿಡಿದು ಹಿಂದಕ್ಕೆ ಎಳೆದಳು. "ಸುಮ್ನಿರು ಮಗಾ." ಆಮೇಲೆ ಅಣ್ಣನ ಕಡೆ ತಿರುಗಿದಳು. "ತಪ್ಪಾಯ್ತು ಅಣ್ಣಾ."

ಅಷ್ಟೇ. ಯಾಕೆ ಹಾಡಿದೆ, ಯಾರು ಹೇಳಿದರು, ಒಂದನ್ನೂ ಹೇಳಲಿಲ್ಲ. ಮಾವ ನೆಲಕ್ಕೆ ಉಗಿದು ಹೋದ. ಸೇರಿದ್ದ ಜನ ಒಬ್ಬೊಬ್ಬರಾಗಿ ಕರಗಿದರು, ಮಾರನೇ ದಿನದಿಂದ ಎದುರಿಗೆ ಸಿಕ್ಕರೆ ದಾರಿ ಬಿಟ್ಟು ನಡೆದರು.

ಯಾರು ಹೇಳಿದ್ದು? ಅಷ್ಟು ದಿನ ಬಾಯಿ ಬಿಡದಿದ್ದ ಅಡುಗೆಯವರನ್ನು ಬಿಟ್ಟರೆ ಇದು ಗೊತ್ತಿದ್ದದ್ದು ತನಗೂ ಬೀರೇಶನಿಗೂ ಮಾತ್ರ! ಬೆಳಿಗ್ಗೆ ಅವನ ಗಾಡಿ ಅಲ್ಲೇ ನಿಂತಿತ್ತು!

ಮಾರನೇ ದಿನ ಅವನು ಅಂಗಡಿಗೆ ಬಂದಾಗ ಒಂದು ಕೆನ್ನೆ ಊದಿಕೊಂಡಿತ್ತು. ಅಕ್ಷತ ನೋಡಿದಳು. ಕೇಳಲಿಲ್ಲ.

"ನಿನ್ನೆ ನಮ್ಮ ಮಾವನ ಮನೆಗೆ ಹೋಗಿದ್ರಾ?"

"...ಹೋಗಿದ್ದೆ."

"ನೀವೇ ಹೇಳಿದ್ರಾ?"

ಬೀರೇಶ್ ಊದಿದ ಕೆನ್ನೆಯನ್ನು ಆಚೆ ತಿರುಗಿಸಿದ. "ಹೆಸರು ಹಾಕಿದ್ದು ನಾನೇ ಅಲ್ವಾ ಅಕ್ಷತಾ. ಎಲ್ಲಾ ನನ್ನಿಂದ್ಲೇ ಆಗಿದ್ದು. ನಿಮ್ಮ ಅಮ್ಮ..."

"ಅಮ್ಮನ ಸುದ್ದಿ ಎತ್ತಬೇಡಿ! ಇನ್ಮೇಲೆ ನನ್ನ ಕಣ್ಣಿಗೆ ಬೀಳ್ಬೇಡಿ!"

ಅವನು ಗಾಡಿಯ ಕೀ ಎತ್ತಿಕೊಂಡ. ಹೊರಟುಹೋದ. ಇಬ್ಬರಲ್ಲಿ ಒಬ್ಬರಾದರೂ ಇನ್ನೆರಡು ಮಾತು ಆಡಿದ್ದರೆ! ಆದರೆ ಕೋಪಕ್ಕೆ ಕಿವಿ ಇಲ್ಲ, ತಪ್ಪು ಮಾಡಿದೆ ಅಂದುಕೊಂಡವನಿಗೆ ಬಾಯಿ ಇಲ್ಲ.

ಆದಿಲಕ್ಷ್ಮಮ್ಮ ರಾಗಿ ಹಸನು ಮಾಡುವಾಗ, ಹಸುವಿಗೆ ನೀರು ಇಡುವಾಗ, ಅಂಗಳ ಗುಡಿಸುವಾಗ ಏನಾದರೊಂದು ಗುನುಗುತ್ತಲೇ ಇರುತ್ತಿದ್ದಳು. ಆ ಸಂಜೆಯ ನಂತರ ಅದು ನಿಂತುಹೋಯಿತು.

"ಏನಾದ್ರೂ ಹಾಡಮ್ಮ. ಇಲ್ಲಿ ಯಾರಿದ್ದಾರೆ? ನಾನೊಬ್ಳೇ," ಅಂತ ಅಕ್ಷತ ಎಷ್ಟೋ ಸಲ ಕೇಳಿದಳು.

"ಬರಲ್ಲ ಮಗಾ. ಮರ್ತುಹೋಗೈತೆ."

ಊಟ ಕಡಿಮೆಯಾಯಿತು. ಮಾತು ಇನ್ನೂ ಕಡಿಮೆಯಾಯಿತು. ಆಸ್ಪತ್ರೆಯಲ್ಲಿ ರಕ್ತ ನೋಡಿದರು, ಎದೆ ನೋಡಿದರು, ಮಾತ್ರೆ ಕೊಟ್ಟು ಕಳಿಸಿದರು. ಅವರೆಕಾಯಿ ಕಾಲದಲ್ಲಿ ಒಂದು ಬೆಳಿಗ್ಗೆ ಅಕ್ಷತ ಕಾಫಿ ಹಿಡಿದು ಎಬ್ಬಿಸಲು ಹೋದಳು.

ಅಮ್ಮ ಏಳಲಿಲ್ಲ.

ಮಣ್ಣಿಗೆ ಮಾವ ಬಂದ. ದೂರದಲ್ಲಿ ನಿಂತು, ಹಿಡಿ ಮಣ್ಣು ಹಾಕಿ, ಯಾರ ಮುಖವನ್ನೂ ನೋಡದೆ ಹೋದ.

ಹದಿಮೂರು ದಿನ ಕಳೆದು ಅಕ್ಷತ ಅಂಗಡಿಗೆ ಮರಳಿದಳು. ಕಂಪ್ಯೂಟರ್ ಹಾಕಿದವಳೇ ಮೊದಲು ಮಾಡಿದ್ದು ಅಮ್ಮನ ಹೆಸರು ಟೈಪ್ ಮಾಡಿದ್ದು.

ಖಾಲಿ.

ಅಮ್ಮ ಹೇಗೆ ನಗುತ್ತಿದ್ದಳು ಅನ್ನುವುದಕ್ಕೆ ಫೋಟೋ ಇತ್ತು. ಹೇಗೆ ಹಾಡುತ್ತಿದ್ದಳು ಅನ್ನುವುದಕ್ಕೆ? ಇದ್ದದ್ದನ್ನೆಲ್ಲ ತಾನೇ ಕೂತು, ಒಂದೊಂದಾಗಿ, ಹುಡುಕಿ ಹುಡುಕಿ ಅಳಿಸಿದ್ದಳಲ್ಲ! 'ಇಟ್ಕೊಳ್ಲಾ' ಅಂತ ಕೇಳಿದವನಿಗೆ ಬೇಡ ಅಂದಿದ್ದಳಲ್ಲ! ಯಾರಿಗೋ ಹೆದರಿ ಅಮ್ಮನ ದನಿಯನ್ನು ನನ್ನ ಕೈಯಾರೆ ಮುಗಿಸಿದೆನಲ್ಲಾ... ಅಂಗಡಿಯಲ್ಲಿ ಗಿರಾಕಿಗಳಿದ್ದರು ಅನ್ನುವುದನ್ನೂ ಮರೆತು ಬಿಕ್ಕಿದಳು. ಬೈಲಪ್ಪ ಸುಮ್ಮನೆ ಅರ್ಧ ಷಟರ್ ಎಳೆದ.

ಎಷ್ಟೋ ದಿನಗಳ ಮೇಲೆ ಅನಸೂಯ ಅಂಗಡಿಗೆ ಬಂದಳು. ಬೋಳು ಕುತ್ತಿಗೆ, ಬೋಳು ಹಣೆ. ಕೈಯಲ್ಲಿ ಮೊಬೈಲ್ ಬಿಗಿಯಾಗಿ ಹಿಡಿದಿದ್ದಳು.

"ಯಾಕ್ ಬಂದೆ ಅನಸೂಯಕ್ಕ? ಇನ್ನೂ ಏನಾದ್ರೂ ಬಾಕಿ ಐತಾ?" ಅಂದಳು ಅಕ್ಷತ, ಕಹಿಯಾಗಿ.

ಅನಸೂಯ ಮೊಬೈಲನ್ನು ಕೌಂಟರಿನ ಮೇಲಿಟ್ಟು ಒತ್ತಿದಳು.

"ಹೊಂಗೆಯ ಚಿಗುರೇ, ಬಿಸಿಲ ತಡೆಯೇ,
ನಮ್ಮ ಅನಸೂಯ ಹಸೆಗೆ ಬರುತಾಳೆ..."

ಅಕ್ಷತ ಎರಡೂ ಕೈಯಲ್ಲಿ ಆ ಮೊಬೈಲನ್ನು ಬಾಚಿಕೊಂಡಳು!

"ಎಲ್ಲಿ... ಎಲ್ಲಿ ಸಿಕ್ತು ಇದು? ನಾನು ಎಲ್ಲಾ ಕಡೆ ಹುಡುಕಿದ್ದೆ!"

"ನೀನು ಅತ್ತೆ ಹೆಸರಲ್ಲಿ ಹುಡುಕಿರ್ತೀಯ. ನಾನು ನನ್ನ ಹೆಸರಲ್ಲಿ ಹುಡುಕ್ದೆ."

ಅಕ್ಷತ ಪರದೆ ನೋಡಿದಳು. ಹಾಡಿದವರ ಹೆಸರೂ ಊರೂ ತಿಳಿಯದ ಯಾರೋ, ಹಾಡಿನಲ್ಲಿ ಕೇಳಿದ ಮದುಮಗಳ ಹೆಸರನ್ನೇ ಬರೆದು ಹಾಕಿದ್ದರು: 'ಅನಸೂಯ ಹಸೆ ಹಾಡು.' ಅಷ್ಟು ದಿನ ಕೂತು ಹುಡುಕಿದರೂ ಆ ಹೆಸರು ತನಗೆ ಹೊಳೆದೇ ಇರಲಿಲ್ಲ.

"ನಮ್ಮನೆಯೋರು ಹೋದ್ಮೇಲೆ ಮದ್ವೆ ಫೋಟೋ ಎಲ್ಲ ಎತ್ತಿಟ್ಬಿಟ್ರು ಕಣೆ. ನಂಗೆ ಆ ದಿನ ಒಂದು ಸಲ ಬೇಕು ಅನ್ನಿಸ್ತು. ಸುಮ್ನೆ ನನ್ನ ಹೆಸರು ಹಾಕಿ ಹಸೆ ಹಾಡು ಅಂತ ಹುಡುಕ್ದೆ. ಸಿಕ್ತು. ದಿನಾ ಕೇಳ್ತಿದ್ದೆ. ಒಂದು ದಿನ ಅಪ್ಪ ಹಿಂದೆ ಬಂದು ನಿಂತಿದ್ದು ಗೊತ್ತಾಗ್ಲಿಲ್ಲ."

"ಹಾಗಾದ್ರೆ... ಬೀರೇಶ್ ಹೇಳಿದ್ದಲ್ವಾ?"

"ಅವನಾ? ಯಾರು ಹಾಡಿದ್ದು ಅಂತ ಎಲ್ಲರ ಮುಂದೆ ಹೇಳು ಅಂತ ಅಪ್ಪ ಅವನನ್ನ ಕರೆಸಿದ್ರು. ಲಕ್ಷ್ಮೀದೇವಮ್ಮ ಅಂತಲೇ ಸಾಧಿಸ್ದ. ಅಪ್ಪ ಕಪಾಳಕ್ಕೆ ಬಾರಿಸಿದ್ರೂ ಅದನ್ನೇ ಅಂದ. ಅಪ್ಪಂಗೆ ಯಾರೂ ಹೇಳ್ಬೇಕಾಗಿರ್ಲಿಲ್ಲ ಕಣೆ. ತಂಗಿ ದನಿ ಅಣ್ಣಂಗೆ ಗೊತ್ತಾಗಲ್ವಾ? ಮದ್ವೆ ದಿನಾನೇ ಗೊತ್ತಾಗಿತ್ತು. ಚಪ್ಪರದ ಕಂಬ ಹಿಡ್ಕೊಂಡು ಕಣ್ಣು ಒರೆಸ್ಕೊಂಡಿದ್ದನ್ನ ನಾನೇ ನೋಡ್ದೆ. ಈಗ ಮತ್ತೆ ಕೇಳಿದಾಗ ದೂರೋಕೆ ಒಂದು ಬಾಯಿ ಸಿಕ್ಕಂಗಾಯ್ತು."

ಆ ಊದಿದ ಕೆನ್ನೆ! ನೋಡಿಯೂ ಕೇಳದೇ ಹೋದ ಆ ಕೆನ್ನೆ!

ಅನಸೂಯಳ ದನಿ ಒಡೆಯಿತು. "ಇನ್ನೊಂದು ಐತೆ ಅಕ್ಷತಾ. ಅತ್ತೆ ಹಾಡ್ಲಿ ಅಂತ ಹೇಳಿದ್ದು ನಾನು. ಹೊರಗಿನೋರಿಗೆ ಪೂರ್ತಿ ಬರಲ್ಲ, ನೀನೇ ಒಳಗಿಂದ ಹಾಡತ್ತೆ ಅಂತ ಕೈ ಹಿಡ್ಕೊಂಡಿದ್ದೆ. ಆ ಸಂಜೆ ಅಪ್ಪ ಬೈತಿದ್ದಾಗ ನಾನು ಬೇಲಿ ಆಚೆ ನಿಂತಿದ್ದೆ. ಅತ್ತೆ ನನ್ನ ನೋಡಿದ್ರು. ಹೇಳ್ಬೇಡ ಅಂತ ಕಣ್ಣಲ್ಲೇ ಅಂದ್ರು. ಹೇಳಿದ್ರೆ ಗಂಡನ್ನ ತಿಂದೋಳು ನಾನೇ ಆಗ್ತಿದ್ದೆ. ನಾನೂ... ಸುಮ್ನಿದ್ಬಿಟ್ಟೆ."

ಅಕ್ಷತಳಿಗೆ ಸಿಟ್ಟು ಬಂತು. ಬರಬೇಕಾದ್ದೇ. ಹೊಡೆಯಲು ಎತ್ತಿದ ಕೈ ಅನಸೂಯಳ ಬೋಳು ಕುತ್ತಿಗೆಯ ಹತ್ತಿರ ನಿಂತಿತು. ಅಮ್ಮ ತನ್ನ ಹೆಸರು ಕೊಟ್ಟು, ಉಸಿರು ಕೊಟ್ಟು ಉಳಿಸಿದ ಜೀವ ಇದು. ಇದನ್ನು ತಾನು ಹೊಡೆಯುವುದೆಂತು?

ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು.

"ಅನಸೂಯಕ್ಕ, ನಿಂಗೆ ಈ ಹಾಡು ಪೂರ್ತಿ ಬರುತ್ತಾ?"

"ದಿನಾ ಕೇಳ್ತಿದ್ದೆನಲ್ಲೇ. ಬರದೇ ಏನು?"

"ನನ್ನ ಹಸೆಗೆ ನೀನು ಹಾಡ್ಬೇಕು."

ಅನಸೂಯ ಬೆಚ್ಚಿದಳು. "ನಾನಾ? ನಾನು ಹಾಡ್ಬಾರ್ದು ಕಣೆ!"

"ಅದಕ್ಕೇ ನಿನ್ನ ಕೇಳ್ತಿರೋದು."

ಅನಸೂಯ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ತುಟಿಯೊಳಗೇ, ಕೇಳಿಯೂ ಕೇಳದ ಹಾಗೆ, ಹಾಡಿನ ಮೊದಲ ಸಾಲು ಹಿಡಿದಳು. ಹೆಸರು ಬರುವ ಜಾಗದಲ್ಲಿ 'ಅಕ್ಷತ' ಅಂದಳು.

ತ್ಯಾಮಗೊಂಡ್ಲುವಿನ ಆಚೆ, ತೆಂಗಿನ ತೋಟದ ಪಕ್ಕದ ಒಂದು ಮದುವೆ ಮನೆಯಲ್ಲಿ ಬೀರೇಶ್ ಸ್ಪೀಕರ್ ಕಟ್ಟುತ್ತಿದ್ದ. ಅಕ್ಷತಳನ್ನು ಕಂಡವನೇ ಏಣಿಯಿಂದ ಇಳಿದು, ಮುಖ ತಗ್ಗಿಸಿ ನಿಂತ.

"ಅಮ್ಮ ಹೋಗ್ಬಿಟ್ರು," ಅಂದಳು.

"ಗೊತ್ತು. ಮಣ್ಣಿಗೆ ಬಂದಿದ್ದೆ."

"ನಾನು ನೋಡ್ಲಿಲ್ಲ..."

"ಹೊಂಗೆ ಮರದ ಹಿಂದೆ ನಿಂತಿದ್ದೆ. ಕಣ್ಣಿಗೆ ಬೀಳ್ಬೇಡ ಅಂದಿದ್ರಲ್ಲ."

ಅಕ್ಷತ ಸ್ಪೀಕರ್ ಡಬ್ಬದ ಮೇಲೆ ಕೂತಳು. "ಏಟು ತಿಂದೆ ಅಂತ ಒಂದು ಮಾತು ಹೇಳ್ಬಾರ್ದಿತ್ತೇನ್ರೀ? ನಾನು ಹೇಳ್ಲಿಲ್ಲ ಅಂತ ಅನ್ಬಾರ್ದಿತ್ತಾ?"

"ಏನಂತ ಹೇಳ್ಲಿ? ಹಾಡನ್ನ ಹೊರಗೆ ಬಿಟ್ಟಿದ್ದು ನಾನೇ. ನಾನು ಮೈಕ್ ಇಡ್ದೇ ಹೋಗಿದ್ರೆ ನಿಮ್ಮಮ್ಮ ಇರ್ತಿದ್ರು."

"ಇಡ್ದೇ ಹೋಗಿದ್ರೆ ಇದೂ ಇರ್ತಿರ್ಲಿಲ್ಲ." ಅವಳು ಮೊಬೈಲ್ ಒತ್ತಿ ಅವನ ಕೈಗಿಟ್ಟಳು.

ಬೀರೇಶ್ ಉಸಿರು ಹಿಡಿದು ಕೇಳಿದ. ಹಾಡು ಮುಗಿಯುವಾಗ ಅವನ ಗಲ್ಲದಿಂದ ನೀರು ತೊಟ್ಟಿಕ್ಕುತ್ತಿತ್ತು. ಒರೆಸಿಕೊಳ್ಳಲಿಲ್ಲ.

"ಇದನ್ನ ಮತ್ತೆ ಹಾಕ್ಬೇಕು ನೀವು."

"ಮತ್ತೆ ಜನ..."

"ಇನ್ನೇನು ಮಾಡ್ತಾರೆ ಜನ? ಸತ್ತೋರನ್ನ ಇನ್ನೊಂದು ಸಲ ಸಾಯಿಸ್ತಾರಾ?" ಅವಳು ಕಣ್ಣು ಒರೆಸಿಕೊಂಡಳು. "ಆಮೇಲೆ... ನಮ್ಮ ಹಸೆಗೆ ಅನಸೂಯಕ್ಕ ಹಾಡ್ತಾಳೆ. ಒಪ್ಕೊಂಡಿದ್ದಾಳೆ."

ಬೀರೇಶ್ ತಟ್ಟನೆ ತಲೆ ಎತ್ತಿದ. "ನಮ್ಮ... ಹಸೆಗಾ?"

"ಯಾಕೆ? ಬೇಡ್ವಾ?"

ಅವನು ಬೇಕು ಅನ್ನುವ ಹಾಗೆ ತಲೆ ಆಡಿಸಿದ, ಆಡಿಸುತ್ತಲೇ ಇದ್ದ. ಅವಳು ಅವನ ಕೆನ್ನೆಯ ಮೇಲೆ ಕೈ ಇಟ್ಟಳು. ಮಾವ ಹೊಡೆದ ಕೆನ್ನೆ.

"ನೋವಾಯ್ತಾ ಅವತ್ತು?"

"ಅವತ್ತು ಆಗ್ಲಿಲ್ಲ. ಮಾರನೇ ದಿನ ಅಂಗಡೀಲಿ ಆಯ್ತು."

ಅವಳು ಕೈ ತೆಗೆಯಲಿಲ್ಲ. ಒಳಗಿನಿಂದ ಯಾರೋ 'ಮೈಕ್ ರೆಡಿ ಆಯ್ತೇನಪ್ಪಾ?' ಅಂತ ಕೂಗಿದರು. ಇಬ್ಬರೂ ಕೇಳಿಸಿಕೊಳ್ಳಲಿಲ್ಲ.

"ಅನಸೂಯಕ್ಕಂಗೆ ಮೈಕ್ ಎಲ್ಲಿ ಇಡ್ಲಿ?" ಅಂತ ಬೀರೇಶ್ ಮೆಲ್ಲಗೆ ಕೇಳಿದ.

"ಹಸೆ ಪಕ್ಕದಲ್ಲಿ. ಎಲ್ರಿಗೂ ಕಾಣೋ ಹಂಗೆ."

ಅವನು ಡಬ್ಬದ ಮೇಲೆ ಲ್ಯಾಪ್‌ಟಾಪ್ ತೆರೆದು ಹಾಡನ್ನು ಹಾಕಿದ. ಪಕ್ಕದ ಖಾಲಿ ಜಾಗದಲ್ಲಿ ಬೆರಳು ತಡೆದು ನಿಂತಿತು. ಅವಳ ಮುಖ ನೋಡಿದ.

"ಹೆಸರು ಹಾಕ್ಲಾ?"

"ಹಾಕಿ," ಅಂದಳು ಅಕ್ಷತ. "ಪೂರ್ತಿ ಹಾಕಿ."